ವಿಶ್ವನಾಥ್ ವಾಪಸು ಕರೆದದ್ದು

ಮನೆಯಲ್ಲಿ ಅತ್ತೆ ಕೊಟ್ಟ ತೀರ್ಪಿಗಾದರೂ ಮಾವನವರ ಹತ್ತಿರ ಒಂದು ಮೇಲ್ಮನವಿ ಇರುತ್ತದೆ. ಟೀವಿ ನೋಡಿ ತಿದ್ದುವ ಕಾಲ ಬರುವ ಮೊದಲು ಅಂಪೈರ್ ಬೆರಳೆತ್ತಿದರೆ ಅದೂ ಇರಲಿಲ್ಲ. ಆ ಬೆರಳಿನ ಮುಂದೆ ಬಾಯಿಬಿಟ್ಟವರಲ್ಲಿ ಇಬ್ಬರನ್ನು ನಾನು ಮರೆತಿಲ್ಲ. ಒಬ್ಬರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್, ಇನ್ನೊಬ್ಬರು ಅವರ ಭಾವಮೈದುನ ಸುನಿಲ್ ಗಾವಸ್ಕರ್.

ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದರು. ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಒಟ್ಟು 91 ಟೆಸ್ಟ್, 6080 ಓಟ, 14 ಶತಕ. ನಾಯಕರಾದದ್ದು ಮಾತ್ರ ಎರಡೇ ಟೆಸ್ಟಿಗೆ.

ಅದರಲ್ಲೊಂದು 1980ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಕಪಿಲ್ ದೇವ್ ಚೆಂಡಿಗೆ ಬಾಬ್ ಟೇಲರ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಕೂಗೆದ್ದಿತು. ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಬ್ಯಾಟಿಗೆ ತಗುಲಿಲ್ಲವೆಂಬುದು ಕಂಡಿತ್ತು. ಅಂಪೈರ್ ಬಳಿ ಹೋಗಿ ಮನವಿ ಹಿಂತೆಗೆದುಕೊಂಡು ಟೇಲರನ್ನು ವಾಪಸು ಕರೆದರು. ಟೇಲರ್ 43 ಹೊಡೆದರು. ಬಾಥಮ್ ಜೊತೆ 171 ಓಟ ಕೂಡಿಸಿದರು. ನಾವು ಹತ್ತು ವಿಕೆಟ್ಟಿನಿಂದ ಸೋತೆವು. ವಿಶ್ವನಾಥ್ ಮತ್ತೆಂದೂ ನಾಯಕರಾಗಲಿಲ್ಲ. ಶತಕದ ಜೊತೆಗೆ ಹದಿಮೂರು ವಿಕೆಟ್ ಕಿತ್ತ ಬಾಥಮ್ ಸೋಲಿಸಿದ್ದೆಂದು ನನ್ನ ಲೆಕ್ಕ, ಆದರೆ ಜನ ಬೈದದ್ದು ವಿಶ್ವನಾಥರನ್ನೇ.

ಮರುವರ್ಷ ಫೆಬ್ರವರಿಯಲ್ಲಿ ಮೆಲ್ಬರ್ನ್. ಲಿಲ್ಲಿ ಚೆಂಡಿಗೆ ಗಾವಸ್ಕರ್ ಎಲ್‌ಬಿಡಬ್ಲ್ಯು ಎಂದರು ಅಂಪೈರ್ ರೆಕ್ಸ್ ವೈಟ್‌ಹೆಡ್. ಬ್ಯಾಟಿಗೆ ತಾಗಿತ್ತೆಂದು ಗಾವಸ್ಕರರ ಸಿಟ್ಟು. ಜೊತೆಗಾರ ಚೇತನ್ ಚೌಹಾಣರನ್ನೂ ಕರೆದುಕೊಂಡು ಹೊರಟೇಬಿಟ್ಟರು! ಗೆರೆಯ ಹತ್ತಿರ ಮ್ಯಾನೇಜರ್ ದುರಾನಿ ಚೌಹಾಣರನ್ನು ತಡೆಯದಿದ್ದರೆ ಆಟವೇ ಕೈತಪ್ಪುತ್ತಿತ್ತೇನೋ. ಆ ಟೆಸ್ಟ್ ನಾವು 59 ಓಟಗಳಿಂದ ಗೆದ್ದೆವು, ಮೊದಲ ಸರದಿಯಲ್ಲಿ 114 ಹೊಡೆದಿದ್ದವರು ಇದೇ ವಿಶ್ವನಾಥ್. ಹಾಗೆ ಹೊರನಡೆದದ್ದಕ್ಕೆ ಗಾವಸ್ಕರ್ ಆಮೇಲೆ ಪಶ್ಚಾತ್ತಾಪಪಟ್ಟರು.

ನನ್ನ ತವರು ಮಳವಳ್ಳಿ, ಅತ್ತೆಮನೆ ಮದ್ದೂರು. ಬೀಗರಿಬ್ಬರೂ ಮಂಡ್ಯದ ನಮ್ಮ ಮನೆಯಲ್ಲಿ ಸೇರಿದರೆ ಇದೇ ವ್ಯಾಜ್ಯ. ಅಪ್ಪ ವಿಶ್ವನಾಥರ ಪಕ್ಷ, ಮಾವನವರು ಗಾವಸ್ಕರ್ ಪಕ್ಷ. “ಔಟು ಅಂದವ್ನು ಅಂಪೈರು. ಇವ್ನ್ಯಾಕವ್ವ ನಡುವೆ ಬಾಯಾಕ್ಬೇಕಿತ್ತು? ಅನ್ಯಾಯ ಆದೋನು ಕೂಗಾಡ್ತಾನೆ, ಅದು ಸರಿ” ಎಂದು ಮಾವ ನನಗೇ ಹೇಳುವರು, ಬೀಗರಿಗೆ ನೇರ ಹೇಳಲು ಸಂಕೋಚ ನೋಡಿ. ಅಪ್ಪ ವಡೆ ಮುರಿಯುತ್ತಾ, “ತನ್ನ ಕಡೆ ಬಂದ ತೀರ್ಪು ತಪ್ಪು ಅನ್ನೋಕೆ ಗುಂಡಿಗೆ ಬೇಕು ಬೀಗರೇ” ಅನ್ನುವರು.

ಅಪ್ಪ ಹೀಗನ್ನುವಾಗ ನನಗೆ ಚಿಕ್ಕಪ್ಪನ ನೆನಪು. ಮಳವಳ್ಳಿಯಲ್ಲಿ ಮನೆ ಪಾಲಾದಾಗ ಪಂಚಾಯ್ತಿಗೆ ಕೂತ ಹಿರಿಯರು, ಮದುವೆಯಾಗಿ ಹೋದ ಮಗಳಿಗೆ ಜಮೀನಿಲ್ಲ ಎಂದರು. ಹೆಣ್ಣುಮಕ್ಕಳ ಸಮಪಾಲಿನ ಕಾನೂನು ಕರ್ನಾಟಕಕ್ಕೆ ಬಂದದ್ದೇ 1994ರಲ್ಲಿ, ಅದೂ ಅಷ್ಟರಲ್ಲಿ ಮದುವೆಯಾಗಿದ್ದವರಿಗಲ್ಲ. ಇದು ಅದಕ್ಕೂ ಮುಂಚಿನ ಮಾತು. ಗದ್ದೆ ಚಿಕ್ಕಪ್ಪನ ಪಾಲಿಗೇ ಬಂದಿತ್ತು. ಅವರೇ ಎದ್ದು, “ಇದು ಸರಿಯಿಲ್ಲ, ಅಕ್ಕನ್ನ ಕರೆಸಿ” ಎಂದು ಅರ್ಧ ಬರೆದುಕೊಟ್ಟರು. ಅತ್ತೆ ಕಣ್ಣೀರು ಹಾಕಿದರು. ಊರು ಹೊಗಳಿತು.

ಚಿಕ್ಕಮ್ಮ ಮಾತ್ರ ಹೊಗಳಲಿಲ್ಲ. ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಹೋದದ್ದು ಅವರ ಮಾಂಗಲ್ಯದ ಚಿನ್ನವೂ ಹೌದು. ವಿಶ್ವನಾಥರ ತಂಡದ ಉಳಿದ ಹತ್ತು ಮಂದಿಯನ್ನು ನೆನೆದಾಗಲೆಲ್ಲ ನನಗೆ ಚಿಕ್ಕಮ್ಮ ಕಾಣುತ್ತಾರೆ. ಅತ್ತೆ ಬಂದರೆ ಕಾಲಿಗೆ ನೀರು ಕೊಟ್ಟು, ಊಟಕ್ಕಿಟ್ಟು, “ನನ್ನನ್ನೊಂದು ಮಾತು ಕೇಳಿದ್ರೆ ನಾನೂ ಹೂಂ ಅಂತಿದ್ನೇನೋ ಅತ್ತಿಗೆ” ಎನ್ನುತ್ತಿದ್ದರು.