ನಮ್ಮ ಹಳೆಯ ಕಟ್ಟಡದ ನಕ್ಷೆಯನ್ನು ತೆಗೆದ ಬಗೆ

ಈ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿರುವ ಹಳೆಯ ಶಾಲಾಕಟ್ಟಡದ ಎರಡು ನಕ್ಷೆಗಳನ್ನು ಯಾವ ಇಂಜಿನಿಯರರೂ ಬರೆದುಕೊಟ್ಟವರಲ್ಲ. ಅವು ಒಂದು ಆಟದೊಳಗಿಂದ ಬಂದವು. ಈ ಮಾತನ್ನು ಕೇಳಿ ನಮ್ಮ ಹಿರಿಯ ವಿದ್ಯಾರ್ಥಿನಿಯರಲ್ಲಿ ಕೆಲವರು ಹುಬ್ಬೇರಿಸಬಹುದು. ಶಾಲೆಯ ಗಣಕಯಂತ್ರಗಳ ಕೋಣೆಯಲ್ಲಿ ಆಟವೇ ಎಂದು ಕೇಳಲೂಬಹುದು. ಆದದರಿಂದ ಸಂಪಾದಕ ಮಂಡಳಿಯವರ ಅಪ್ಪಣೆಯ ಮೇರೆಗೆ ಆ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ.

2024ನೆಯ ಇಸವಿಯ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡುಗಳುಳ್ಳ ನಮ್ಮ ಹಳೆಯ ಕಟ್ಟಡವು ಬರುವ ಬೇಸಿಗೆಯ ರಜೆಯಲ್ಲಿ ಕೆಡವಲ್ಪಡುವದೆಂದು ತಿಳಿಯಿತು. ಗೋಡೆಗಳು ಬಿರಿದಿದ್ದವು, ಮಳೆಗಾಲದಲ್ಲಿ ಅದರೊಳಗೆ ಪಾಠ ನಡಿಸುವದು ಅಪಾಯಕರವಾಗಿತ್ತು, ಕೆಡವಬಾರದೆಂದು ನಾವು ಹೇಳಲಾರೆವು. ಆದರೆ ಕಚೇರಿಯ ಕಪಾಟುಗಳನ್ನೆಲ್ಲಾ ಹುಡುಕಿದರೂ ಆ ಕಟ್ಟಡದ ಒಂದು ನಕ್ಷೆಯಾದರೂ ಸಿಕ್ಕಲಿಲ್ಲ. ಇದ್ದ ಭಾವಚಿತ್ರಗಳೆಲ್ಲಾ ಮುಂಭಾಗದವು. ಅವುಗಳಲ್ಲಿ ಮೆಟ್ಟಲುಗಳ ಮೇಲೆ ಸಾಲಾಗಿ ನಿಂತ ಹುಡುಗಿಯರು ಕಾಣುವರೇ ಹೊರತು ಕೋಣೆಗಳು ಕಾಣುವದಿಲ್ಲ. ಹಿಂದಿನ ಜಗಲಿ, ಹೊಲಿಗೆಯ ಕೋಣೆ, ಒಂದು ಕಾಲದಲ್ಲಿ ಟೈಪ್‌ರೈಟಿಂಗ್ ಕಲಿಸುತ್ತಿದ್ದ ಮೂಲೆಯ ಕೋಣೆ, ಇವು ಯಾವ ಕಾಗದದ ಮೇಲೂ ಇರಲಿಲ್ಲ.

ಆಗ ಒಂಭತ್ತನೆಯ ತರಗತಿಯಲ್ಲಿದ್ದ ಏಳು ಮಂದಿ ನಾವು ಆ ಕಟ್ಟಡವನ್ನು ಒಂದು ಆಟದಲ್ಲಿ ಕಟ್ಟುವದೆಂದು ನಿಶ್ಚೈಸಿದೆವು. ಮೈನ್‌ಟೆಸ್ಟ್ ಎಂಬ ಈ ಆಟವನ್ನು 2010ರಲ್ಲಿ ಪೆರ್ಟು ಅಹೋಲ ಎಂಬ ಫಿನ್ಲೆಂಡ್ ದೇಶದವರು ಆರಂಭಿಸಿದರು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದರ ಪ್ರಪಂಚವೆಲ್ಲಾ ಸಣ್ಣ ಘನಗಳಿಂದಾದದ್ದು. ಒಂದೊಂದನ್ನು ತೆಗೆಯುತ್ತಾ ಇಡುತ್ತಾ ಬೇಕಾದದ್ದನ್ನು ಕಟ್ಟಬಹುದು. ನಾವು ಕಟ್ಟುತ್ತಿರುವಾಗಲೇ, 2024ರ ಅಕ್ಟೋಬರದಲ್ಲಿ, ಆಟದ ಹೆಸರು ಲುವಾಂಟಿ ಎಂದು ಬದಲಾಯಿತು. ಫಿನ್ನಿಷ್ ಭಾಷೆಯಲ್ಲಿ ಸೃಷ್ಟಿ ಎಂಬರ್ಥದ ಒಂದು ಶಬ್ದವನ್ನೂ ಲುವಾ ಎಂಬ ಗಣಕಭಾಷೆಯ ಹೆಸರನ್ನೂ ಕೂಡಿಸಿ ಅದನ್ನು ಮಾಡಿದ್ದಾರೆ. ಒಂದು ಘನಕ್ಕೆ ಒಂದು ಮೊಳವೆಂದು ಇಟ್ಟುಕೊಂಡು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊಲಿಗೆಯ ಟೇಪು ಹಿಡಿದು ಕೋಣೆಕೋಣೆಗಳನ್ನು ಅಳೆದೆವು. ಮೊಳಕ್ಕಿಂತ ಸಣ್ಣದಾದದ್ದೆಲ್ಲಾ, ಅಂದರೆ ಕಿಟಕಿಯ ಸರಳು, ಬಾಗಿಲ ಚೌಕಟ್ಟಿನ ಕೆತ್ತನೆ ಮುಂತಾದವು, ಈ ಲೆಕ್ಕದಲ್ಲಿ ಹೋಯಿತೆಂಬುದು ನಿಜ.

ಕಟ್ಟಿದ್ದನ್ನು ನೋಡಬೇಕಾದರೆ ಆಟದೊಳಗೆ ನಡೆದಾಡಬೇಕು. ಕಾಗದದ ಮೇಲೆ ತರಬೇಕಾದರೆ ಬೇರೊಂದು ಸಾಧನ ಬೇಕು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿನಿಯಾದ ಅಕ್ಕ ಒಬ್ಬರು ಇದಕ್ಕಾಗಿ ಒಂದು ಸ್ಕ್ರಿಪ್ಟನ್ನು, ಎಂದರೆ ಯಂತ್ರವು ಒಂದರ ಹಿಂದೊಂದಾಗಿ ನಡಿಸಬೇಕಾದ ಅಪ್ಪಣೆಗಳ ಕಡತವನ್ನು, ಬರೆದುಕೊಟ್ಟರು. ಅದು ಆ ದಿನದ ಪ್ರಪಂಚದ ನಕಲು ತೆಗೆದು, ತಾರೀಕು ಹಾಕಿ ಇಡುವದು. ಅನಂತರ ಮೈನ್‌ಟೆಸ್ಟ್‌ಮ್ಯಾಪರ್ ಎಂಬ ಕಾರ್ಯಕ್ರಮವನ್ನು ಕರೆದು, ಆಕಾಶದಿಂದ ನೋಡಿದಂತೆ ಚಿತ್ರವನ್ನು ಬರೆಯಿಸುವದು. ಆದರೆ ಅಕ್ಕನವರ ಕೆಲಸವೆಲ್ಲಾ ಲಿನಕ್ಸ್‌ನಲ್ಲಿ. ಅವರ ಸ್ಕ್ರಿಪ್ಟಿಗೆ ಲಿನಕ್ಸ್ ಅಲ್ಲದೆ ಬೇರೆ ಮನೆ ಗೊತ್ತಿರಲಿಲ್ಲ. ನಮ್ಮ ಶಾಲೆಯ ಯಂತ್ರಗಳಲ್ಲಿಯೋ ಇದ್ದದ್ದು ವಿಂಡೋಸ್ ಒಂದೇ.

ವಿಂಡೋಸನ್ನು ತೆಗೆದುಹಾಕಿ ಲಿನಕ್ಸನ್ನು ಇಡಬಾರದೇಕೆಂದು ನಮ್ಮಲ್ಲಿ ಕೆಲವರು ಕೇಳಿದರು. ಆಫೀಸಿನ ಕನ್ನಡ ಕಾಗದಪತ್ರಗಳೆಲ್ಲಾ ನುಡಿ ತಂತ್ರಾಂಶದಲ್ಲಿವೆ, ಅದು ವಿಂಡೋಸಿನದು. ಫೀಸಿನ ಲೆಕ್ಕವೂ ಅದರಲ್ಲಿಯೇ. ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಇಡುವದಕ್ಕೆ ಗಣಕ ವಿಭಾಗದ ಉಪಾಧ್ಯಾಯಿನಿಯವರು ಒಪ್ಪಲಿಲ್ಲ. ಪಾಲು ಮಾಡುವಾಗ ಕರೆಂಟು ಹೋದರೆ ಪರೀಕ್ಷೆಯ ಅಂಕಗಳ ಗತಿ ಏನೆಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟನ್ನು ಬಲ್ಲವರು ಅವರ ಮಾತನ್ನು ಅನುಮೋದಿಸುವರು.

ಒಂದು ವ್ಯವಸ್ಥೆಯ ಕಾರ್ಯಕ್ರಮವು ಇನ್ನೊಂದರಲ್ಲಿ ಯಾಕೆ ನಡೆಯದು? ಕಾರ್ಯಕ್ರಮವು ತಾನಾಗಿ ಏನನ್ನೂ ಮಾಡಲಾರದು. ಕಡತವನ್ನು ತೆರೆ, ನೆನಪಿನಲ್ಲಿ ಸ್ಥಳ ಕೊಡು ಎಂದು ಹೆಜ್ಜೆ ಹೆಜ್ಜೆಗೂ ವ್ಯವಸ್ಥೆಯ ಮೂಲಭಾಗವಾದ ಕರ್ನೆಲ್ಲನ್ನು ಬೇಡಬೇಕು. ಲಿನಕ್ಸಿನ ಕಾರ್ಯಕ್ರಮವು ಬೇಡುವ ಭಾಷೆಯನ್ನು ವಿಂಡೋಸಿನ ಕರ್ನೆಲ್ ಅರಿಯದು. ಈ ತೊಡಕನ್ನು ಬಿಡಿಸಲು ಹಿಂದಿನಿಂದಲೂ ಪ್ರಯತ್ನಗಳಾಗಿವೆ. 1995ರಲ್ಲಿ ಹುಟ್ಟಿದ ಸಿಗ್‌ವಿನ್ ಎಂಬುದರಲ್ಲಿ ಪ್ರತಿಯೊಂದು ಕಾರ್ಯಕ್ರಮವನ್ನೂ ಮೂಲದಿಂದ ಹೊಸದಾಗಿ ಕಂಪೈಲ್ ಮಾಡಬೇಕು. 2016ರಲ್ಲಿ ವಿಂಡೋಸ್ ಮಾಡುವವರೇ ಒಬ್ಬ ದುಭಾಷಿಯನ್ನು ತಂದು ನಿಲ್ಲಿಸಿದರು. ಡಬ್ಲ್ಯುಎಸ್‌ಎಲ್ ಎಂಬ ಆ ದುಭಾಷಿಯು ಲಿನಕ್ಸ್ ಕಾರ್ಯಕ್ರಮದ ಒಂದೊಂದು ಬೇಡಿಕೆಯನ್ನೂ ವಿಂಡೋಸಿಗೆ ತಿಳಿಯುವಂತೆ ಹೇಳುತ್ತಿದ್ದನು. ದುಭಾಷಿಗೆ ಬಾರದ ಮಾತು ಬಂದಾಗ ಕಾರ್ಯಕ್ರಮವು ಅಲ್ಲಿಯೇ ನಿಲ್ಲುವದು. 2019ರಲ್ಲಿ ಪ್ರಕಟವಾದ ಎರಡನೆಯ ಆವೃತ್ತಿಯಲ್ಲಿ ದುಭಾಷಿಯನ್ನು ಬಿಡಿಸಿ, ನಿಜವಾದ ಲಿನಕ್ಸ್ ಕರ್ನೆಲ್ಲನ್ನೇ ವಿಂಡೋಸಿನೊಳಗೆ ಒಂದು ಚಿಕ್ಕ ಮಿಥ್ಯಾಯಂತ್ರದಲ್ಲಿ ಇರಿಸಿದರು. ಮನೆಯವರನ್ನು ಎಬ್ಬಿಸದೆ ಅತಿಥಿಗೆ ಹಿತ್ತಲಲ್ಲಿ ಒಂದು ಬಿಡಾರವನ್ನು ಕಟ್ಟಿಕೊಟ್ಟಂತೆ ಇದು. ನಮಗೆ ಇದೇ ಮೇಲೆಂದು ತೋರುತ್ತದೆ.

ಬಿಡಾರ ಕಟ್ಟುವ ಅಪ್ಪಣೆಯೇನೋ ಒಂದೇ ಸಾಲಿನದು. ಆದರೆ ಯಂತ್ರವು ಮೊದಲು ಒಪ್ಪಲಿಲ್ಲ. ಮಿಥ್ಯಾಯಂತ್ರಕ್ಕೆ ಬೇಕಾದ ಶಕ್ತಿ ಪ್ರೊಸೆಸರಿನಲ್ಲಿದ್ದರೂ ಅದಕ್ಕೆ ಬೀಗ ಹಾಕಿತ್ತು. ಯಂತ್ರವು ಎಚ್ಚರಗೊಳ್ಳುವ ಮೊದಲ ಕ್ಷಣದಲ್ಲಿಯೇ ಬಯಾಸ್ ಎಂಬ ಒಳಪುಟವನ್ನು ತೆರೆದು ಅದನ್ನು ಬಿಚ್ಚಬೇಕಾಯಿತು. ಅನಂತರ ಉಬುಂಟು ಎಂಬ ಲಿನಕ್ಸ್ ಇಳಿದುಬಂದು, ಹೆಸರನ್ನೂ ಗುಪ್ತಪದವನ್ನೂ ಕೇಳಿತು. ಗುಪ್ತಪದವನ್ನು ಒತ್ತುತ್ತಿದ್ದರೂ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದಿರಲು, ಕೀಲಿಮಣೆ ಕೆಟ್ಟಿತೆಂದು ನಮ್ಮಲ್ಲೊಬ್ಬಳು ಬೇರೊಂದನ್ನು ತರಲು ಓಡಿದಳು. ಲಿನಕ್ಸಿನ ಪದ್ಧತಿಯೇ ಹಾಗೆ. ಗುಪ್ತಪದದ ಅಕ್ಷರಗಳೆಷ್ಟೆಂಬುದನ್ನೂ ಅದು ಪಕ್ಕದವರಿಗೆ ತೋರಿಸದು.

ಎಲ್ಲಾ ಸಿದ್ಧವಾಗಿ ಸ್ಕ್ರಿಪ್ಟನ್ನು ನಡಿಸಲು ಹೇಳಿದರೆ, ಅಂಥ ಕಡತವೇ ಇಲ್ಲವೆಂಬ ಉತ್ತರ ಬಂತು. ಕಡತವು ಕಣ್ಣೆದುರಿಗೇ ಇತ್ತು! ಇದರ ಕಾರಣವು ನಮಗೆ ಬಹಳ ಸ್ವಾರಸ್ಯವಾಗಿ ಕಂಡದ್ದರಿಂದ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ. ಹಳೆಯ ಟೈಪ್‌ರೈಟರಿನಲ್ಲಿ ಸಾಲು ಮುಗಿದ ಕೂಡಲೆ ಎಡಗಡೆಯ ಹಿಡಿಯನ್ನು ತಳ್ಳುವರು. ಕಾಗದವು ಒಂದು ಸಾಲು ಮೇಲೇರುವದು, ಅದನ್ನು ಹೊತ್ತ ಗಾಡಿಯು ಸಾಲಿನ ಆರಂಭಕ್ಕೆ ಮರಳುವದು. ತಂತಿಯ ಮೂಲಕ ನಡೆಯುವ ಟೆಲಿಪ್ರಿಂಟರಿನಲ್ಲಿ ಈ ಎರಡು ಕೆಲಸಗಳಿಗೆ ಎರಡು ಬೇರೆ ಬೇರೆ ಸಂಕೇತಗಳಿದ್ದವು. ಗಣಕಯಂತ್ರದ ಆಸ್ಕಿ ಪಟ್ಟಿಯಲ್ಲಿ ಗಾಡಿ ಮರಳುವದಕ್ಕೆ 13, ಸಾಲು ಏರುವದಕ್ಕೆ 10 ಎಂಬ ಅಂಕೆಗಳಾದವು. ಡಾಸ್ ಇವೆರಡನ್ನೂ ಉಳಿಸಿಕೊಂಡಿತು, ಅದರ ಉತ್ತರಾಧಿಕಾರಿಯಾದ ವಿಂಡೋಸೂ ಹಾಗೆಯೇ. ಯೂನಿಕ್ಸ್ ಮತ್ತು ಲಿನಕ್ಸ್‌ಗಳು 10 ಒಂದೇ ಸಾಕೆಂದವು. ಅಕ್ಕನವರ ಸ್ಕ್ರಿಪ್ಟು ಮಿಂಚಂಚೆಯ ಕಾಗದದೊಳಗೆ ಬಂದಿತ್ತು. ಅದನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಇಳಿಸಿಕೊಂಡಾಗ ಸಾಲುಸಾಲಿನ ಕೊನೆಗೂ ಕಣ್ಣಿಗೆ ಕಾಣದ 13 ಒಂದು ಸೇರಿಕೊಂಡಿತು. ಇದನ್ನು ಬ್ಯಾಷ್ ಎಂಬುದು ನಡಿಸಬೇಕೆಂದು ಮೊದಲ ಸಾಲಿನಲ್ಲಿದ್ದರೆ, ಲಿನಕ್ಸು ಆ ಹೆಸರಿನ ಬಾಲಕ್ಕೆ ಅಂಟಿದ ಅದೃಶ್ಯ ಅಕ್ಷರವನ್ನೂ ಸೇರಿಸಿ ಓದಿ, ಅಂಥ ಹೆಸರಿನವರು ಇಲ್ಲಿಲ್ಲವೆಂದಿತು. ಟೈಪ್‌ರೈಟರುಗಳು ನಮ್ಮ ಶಾಲೆಯನ್ನು ಬಿಟ್ಟು ಹೋಗಿ ಎಷ್ಟೋ ವರ್ಷಗಳಾದವು. ಅವುಗಳ ಗಾಡಿ ಮಾತ್ರ ಇನ್ನೂ ಮರಳುತ್ತಲೇ ಇದೆ. ಡಾಸ್‌ಟುಯೂನಿಕ್ಸ್ ಎಂಬ ಸಣ್ಣ ಕಾರ್ಯಕ್ರಮವು ಆ ಹೆಚ್ಚಿನ ಅಕ್ಷರಗಳನ್ನೆಲ್ಲಾ ಒಂದೇ ಕ್ಷಣದಲ್ಲಿ ಕಿತ್ತುಹಾಕಿತು.

ಇನ್ನೊಂದು ಸಂಗತಿಯನ್ನೂ ಇಂಥ ಕೆಲಸಕ್ಕೆ ಕೈಯಿಡುವವರ ಉಪಯೋಗಕ್ಕಾಗಿ ಹೇಳುವೆವು. ಆಟವು ವಿಂಡೋಸಿನಲ್ಲಿಯೇ ನಡೆಯುತ್ತಿದ್ದದ್ದರಿಂದ ಅದರ ಪ್ರಪಂಚವೂ ವಿಂಡೋಸಿನ ಕಡೆಯಲ್ಲಿತ್ತು. ಹಿತ್ತಲ ಬಿಡಾರದಿಂದ ದೊಡ್ಡ ಮನೆಯ ಕಡತಗಳನ್ನು ಓದಬಹುದಾದರೂ, ಹೋಗಿ ಬರುವದರಲ್ಲಿ ಬಹಳ ಹೊತ್ತು ಹಿಡಿಯುವದು. ಸಾಯಂಕಾಲ ನಾಲ್ಕರ ಗಂಟೆಗೆ ಆಟವನ್ನು ಪೂರ್ತಿಯಾಗಿ ನಿಲ್ಲಿಸಿ, ಪ್ರಪಂಚದ ನಕಲನ್ನು ಲಿನಕ್ಸಿನ ಸ್ವಂತ ಕೋಶಕ್ಕೆ ತಂದು, ಅಲ್ಲಿ ನಕ್ಷೆ ತೆಗೆಯುವ ಕ್ರಮವನ್ನು ಇಟ್ಟುಕೊಂಡೆವು. ಅಲ್ಲದೆ ಲಿನಕ್ಸಿಗೆ ಇಂಗ್ಲಿಷಿನ ದೊಡ್ಡಕ್ಷರದ ಹೆಸರೇ ಬೇರೆ, ಚಿಕ್ಕಕ್ಷರದ ಹೆಸರೇ ಬೇರೆ; ವಿಂಡೋಸಿಗೆ ಎರಡೂ ಒಂದೇ. ದೊಡ್ಡಕ್ಷರವೆಂಬುದೇ ಇಲ್ಲದ ನಮ್ಮ ಕನ್ನಡ ಲಿಪಿಗೆ ಈ ಜಗಳವಿಲ್ಲ.

ಮೊದಲನೆಯ ಚಿತ್ರ ಹೊರಬಂದ ಸಾಯಂಕಾಲ ನಾವೆಲ್ಲರೂ ಒಂದೇ ಪರದೆಗೆ ಮುತ್ತಿಕೊಂಡೆವು. ಅಂಗಳವಿತ್ತು, ಬಾವಿಯಿತ್ತು; ಕಟ್ಟಡಕ್ಕೆ ಮಾಡೇ ಇರಲಿಲ್ಲ! ಬೆಂಚುಗಳೂ ಗೋಡೆಗಳೂ ಬಯಲಿಗೆ ತೆರೆದು ಕಾಣುತ್ತಿದ್ದವು. ಈ ಕಾರ್ಯಕ್ರಮವು ಒಂದೊಂದು ಬಗೆಯ ಘನಕ್ಕೂ ಯಾವ ಬಣ್ಣವೆಂಬುದನ್ನು ಒಂದು ಪಟ್ಟಿಯಿಂದ ತಿಳಿಯುವದು. ಪಟ್ಟಿಯಲ್ಲಿಲ್ಲದ ಘನವನ್ನು ಇಲ್ಲವೆಂದೇ ಎಣಿಸಿ ಅದರ ಕೆಳಗಿನದನ್ನು ಬರೆಯುವದು. ನಾವು ಹಂಚಿಗೆ ಉಪಯೋಗಿಸಿದ ಕೆಂಪು ಘನವು ಬೇರೆ ಕಡೆಯಿಂದ ಸೇರಿಸಿದ್ದಾದ ಕಾರಣ ಪಟ್ಟಿಯಲ್ಲಿರಲಿಲ್ಲ. ಒಂದು ಸಾಲನ್ನು ಸೇರಿಸಿದೊಡನೆ ಮಾಡು ಬಂತು. ಆದರೆ ಮಾಡು ಬಂದ ಮೇಲೆ ಮೇಲಿನಿಂದ ಕಾಣುವದು ಕೆಂಪು ಚೌಕ ಮಾತ್ರ. ಮಾಡಿಲ್ಲದ ಚಿತ್ರವೇ ನಾವು ಹುಡುಕುತ್ತಿದ್ದ ನಕ್ಷೆಯಾಗಿತ್ತು. ಇಷ್ಟು ಎತ್ತರಕ್ಕಿಂತ ಮೇಲಿನದನ್ನು ಬಿಡು ಎಂದು ಹೇಳುವ ಅನುಕೂಲವೂ ಆ ಕಾರ್ಯಕ್ರಮದಲ್ಲಿದೆ. ಅದರ ಮೂಲಕ ಮಾಡನ್ನು ಎತ್ತಿಟ್ಟು, ಕೋಣೆಗಳ ನಕ್ಷೆಯನ್ನು ಸ್ಪಷ್ಟವಾಗಿ ತೆಗೆದೆವು.

2025ರ ಏಪ್ರಿಲಿನಲ್ಲಿ ಕಟ್ಟಡವನ್ನು ಕೆಡವಿದರು. ಅದಕ್ಕೆ ಮುಂಚೆ ನಡೆದ ಹಿರಿಯ ವಿದ್ಯಾರ್ಥಿನಿಯರ ಕೂಟದಲ್ಲಿ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದೆವು. ವಯಸ್ಸಾದ ಒಬ್ಬ ಅಮ್ಮನವರು ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ಅದನ್ನು ನೋಡಿದರು. ಹೊಲಿಗೆಯ ಕೋಣೆಗೂ ಟೈಪ್‌ರೈಟಿಂಗ್ ಕೋಣೆಗೂ ನಡುವಿನ ಗೋಡೆಯ ಮೇಲೆ ಬೆರಳಿಟ್ಟು, “ಇದು ನಮ್ಮ ಕಾಲದಲ್ಲಿ ಇರಲಿಲ್ಲ ಮಕ್ಕಳೇ, ಇದು ಒಂದೇ ದೊಡ್ಡ ಕೋಣೆ. ಇಲ್ಲಿ ನಾವು ಪ್ರಾರ್ಥನೆಗೆ ಕೂತುಕೊಳ್ಳುತ್ತಿದ್ದೆವು,” ಎಂದು ಹೇಳಿ, ಹಾರ್ಮೋನಿಯಂ ಇದ್ದ ಸ್ಥಳವನ್ನೂ ತೋರಿಸಿದರು. ಮರುದಿನ ನಾವು ಪ್ರಪಂಚದ ಇನ್ನೊಂದು ನಕಲು ಮಾಡಿ, ಅದರಲ್ಲಿ ಆ ಗೋಡೆಯನ್ನು ತೆಗೆದು, ಅವರು ಹೇಳಿದ ಕಡೆಯಲ್ಲಿ ಕಂದು ಬಣ್ಣದ ಎರಡು ಘನಗಳನ್ನು ಇಟ್ಟು, ಸ್ಕ್ರಿಪ್ಟನ್ನು ಪುನಃ ನಡಿಸಿದೆವು. ಎಡಗಡೆಯ ಪುಟದಲ್ಲಿರುವದು ನಾವು ಅಳೆದ ಶಾಲೆ. ಬಲಗಡೆಯದು ಅವರ ಶಾಲೆ.