ಟರ್ಬೊ, ಟೈರು, ಹುರುಳಿ ಸೊಪ್ಪು

10 ಜುಲೈ 2025, ಗುರುವಾರ

ಆಷಾಢ ಕಳೆಯುವ ತನಕ ಕಾರಿನ ಮಾತು ಎತ್ತಕೂಡದು ಎಂದು ಅಮ್ಮ ಹೇಳಿಬಿಟ್ಟಿದ್ದಾಳೆ. ಇವತ್ತು ಹುಣ್ಣಿಮೆ, ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು. ಗುಡಿಯ ಸುತ್ತ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ಹೊಸದಾಗಿ ಮದುವೆಯಾದ ಜೋಡಿಗಳು. ಮಾತು ಎತ್ತದಿದ್ದರೂ ಲೆಕ್ಕ ಹಾಕಲು ಅಡ್ಡಿಯಿಲ್ಲವಲ್ಲ.

ಗುಂಡ್ಲುಪೇಟೆ ಕಡೆಯ ಮನೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ದಿನಾ ಹೋಗಿ ಬರುವವನಿಗೆ ಎಂಥ ಕಾರು ಬೇಕು? ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಕರಿಕಲ್ಲಿನ ಲಾರಿ, ನಡುನಡುವೆ ಹೇಳದೆ ಕೇಳದೆ ಎದ್ದ ಹಂಪು. ಹಳೆಯ ಆಲ್ಟೊದಲ್ಲಿ ಒಂದು ಲಾರಿ ದಾಟಬೇಕಾದರೆ ಎದುರುಗಡೆ ಊರುದ್ದ ಖಾಲಿ ರಸ್ತೆ ಬೇಕು. ನನಗೆ ಗಂಟೆಗೆ 150ರಲ್ಲಿ ಓಡುವ ಗಾಡಿ ಬೇಡ. 50ರಿಂದ 80ಕ್ಕೆ ಚಕ್ಕನೆ ಏರುವ, ತಿರುವಿನಲ್ಲಿ ವಾಲಾಡದ, ಹಂಪಿಗೆ ಹೊಟ್ಟೆ ಉಜ್ಜದ ಗಾಡಿ ಬೇಕು. ಓಡಿಸುವಾಗ ಮನಸ್ಸಿಗೆ ಖುಷಿಯೂ ಆಗಬೇಕು. ಆ ಖುಷಿಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ದಿನದ ಒಂದು ಪಾಲು ಸ್ಟೀರಿಂಗ್ ಹಿಂದೆಯೇ ಕಳೆಯುತ್ತದೆ.

ಪಟ್ಟಿಯಲ್ಲಿ ಉಳಿದವು ನಾಲ್ಕು, ಎಲ್ಲವೂ ನಾಲ್ಕು ಮೀಟರಿನೊಳಗಿನವು. ಮಹೀಂದ್ರಾ 3ಎಕ್ಸ್‌ಒದ ದೊಡ್ಡ ಪೆಟ್ರೋಲ್ ಎಂಜಿನ್: 130 ಪಿಎಸ್, 230 ಎನ್‌ಎಂ. ಹ್ಯುಂಡೈ ವೆನ್ಯೂ ಎನ್ ಲೈನ್: 120 ಪಿಎಸ್, 172 ಎನ್‌ಎಂ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಟಾಟಾ ನೆಕ್ಸಾನ್: ಅದೂ 120 ಪಿಎಸ್, ನೆಲದಿಂದ 208 ಮಿಲಿಮೀಟರ್ ಎತ್ತರ. ಕೊನೆಗೆ ಮಾರುತಿ ಫ್ರಾಂಕ್ಸ್ ಟರ್ಬೊ: 998 ಸಿಸಿ, 100 ಪಿಎಸ್, 147.6 ಎನ್‌ಎಂ, ಎತ್ತರ 190 ಮಿಲಿಮೀಟರ್. ಕಾಗದದ ಮೇಲೆ ಇದೇ ದುರ್ಬಲ. ಆದರೆ ತೂಕ ಒಂದು ಟನ್ನಿನ ಆಸುಪಾಸು, ಉಳಿದವುಗಳಿಗಿಂತ ಹಗುರ. 2017ರಲ್ಲಿ ಬಲೆನೊ ಆರ್‌ಎಸ್‌ನಲ್ಲಿ ಬಂದು ಎರಡು ಮೂರು ವರ್ಷದಲ್ಲೇ ಮರೆಯಾದ ಬೂಸ್ಟರ್‌ಜೆಟ್ ಎಂಜಿನ್ 2023ರಲ್ಲಿ ಇದರಲ್ಲಿ ಮರಳಿ ಬಂತು. ಆರ್‌ಎಸ್ ಮೇಲೆ ಆಗ ನನಗೆ ಮನಸ್ಸಿತ್ತು, ಕೈಯಲ್ಲಿ ದುಡ್ಡಿರಲಿಲ್ಲ.

3 ಆಗಸ್ಟ್ 2025, ಭಾನುವಾರ

ಶ್ರಾವಣ ಬಂತು. ಮೈಸೂರಿಗೆ ಹೋಗಿ ಓಡಿಸಿ ನೋಡಿದೆ. ಫ್ರಾಂಕ್ಸ್‌ನ 1.2 ಲೀಟರ್ ಎಂಜಿನ್ನೂ ಕೆಟ್ಟದ್ದಲ್ಲ. ಮನೆಮಂದಿಗೆ ಅದೇ ಸಾಕು, ನಿರ್ವಹಣೆಯೂ ಸುಲಭ. ಆದರೆ ಅದರ 113 ಎನ್‌ಎಂ ಕೈಗೆ ಸಿಗುವುದು 4,400 ಆರ್‌ಪಿಎಂ ಹೊತ್ತಿಗೆ. ಟರ್ಬೊದ ಪೂರ್ತಿ ಎಳೆತ 2,000ಕ್ಕೇ ಸಿಕ್ಕು 4,500ರವರೆಗೂ ಬಿಡುವುದಿಲ್ಲ. ಮೂರನೇ ಗೇರಿನಲ್ಲಿ ಕಾಲಿಟ್ಟಾಗ ಒಂದು ಕ್ಷಣ ಯೋಚನೆ ಮಾಡಿದಂತೆ ತಡೆದು, ಆಮೇಲೆ ಬೆನ್ನಿಗೆ ಸೀಟು ಒತ್ತುತ್ತದೆ. ಲಾರಿ ದಾಟಲು ಬೇಕಾದದ್ದು ಇದೇ.

ಎನ್ ಲೈನ್ ಇನ್ನೂ ಚೂಪು. ಸ್ಟೀರಿಂಗ್ ಭಾರ, ಸಸ್ಪೆನ್ಷನ್ ಬಿಗಿ. ಹೆದ್ದಾರಿಗೆ ಅದನ್ನೇ ಕೊಳ್ಳುತ್ತಿದ್ದೆ. ನಮ್ಮೂರ ಒಳರಸ್ತೆಗೆ ಆ ಬಿಗಿ ಬೆನ್ನು ನೋಯಿಸುತ್ತದೆ. ಹಿಂದೆ ಡ್ರಮ್ ಬ್ರೇಕ್ ಇರುವುದು ಫ್ರಾಂಕ್ಸ್‌ನ ಕೊರತೆ, ಅದನ್ನು ಬರೆದಿಡುತ್ತೇನೆ. ಕಳೆದ ತಿಂಗಳಿಂದ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಕೊಟ್ಟಿದ್ದಾರೆ, ಅದು ಸಮಾಧಾನ. ಐದು ಗೇರಿನ ಮ್ಯಾನುಯಲ್ ಸಾಕು.

ಬರುವಾಗ ಗುಂಡ್ಲುಪೇಟೆ ಸುತ್ತ ಚೆಂಡುಮಲ್ಲಿಗೆ ಹೊಲಗಳ ಬದಿಯಲ್ಲಿ ಕೇರಳದ ಕಾರುಗಳ ಸಾಲು.

4 ಸೆಪ್ಟೆಂಬರ್ 2025, ಗುರುವಾರ

ಕಾಯ್ದದ್ದು ಒಳ್ಳೆಯದೇ ಆಯಿತು. ನಿನ್ನೆ ಜಿಎಸ್‌ಟಿ ಮಂಡಳಿ ತೀರ್ಮಾನ ಮಾಡಿದೆ: ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಇನ್ನು ಶೇ 18. ಇದುವರೆಗೆ ಸೆಸ್ ಸೇರಿ ಶೇ 29 ಇತ್ತು. ಜಾರಿ ಇದೇ 22ರಿಂದ. 129 ರೂಪಾಯಿಯ ಮಾಲು 118ಕ್ಕೆ ಬಂದ ಹಾಗೆ. ನಾನು ನೋಡಿದ ಮಾದರಿಯ ಶೋರೂಂ ಬೆಲೆ ಹತ್ತು ಲಕ್ಷದ ಗೆರೆ ದಾಟಿತ್ತು, ಈಗ ಗೆರೆಯ ಒಳಗೆ. ಕರ್ನಾಟಕದಲ್ಲಿ ಆ ಗೆರೆಗೆ ಬೆಲೆಯಿದೆ: ಹತ್ತು ಲಕ್ಷದೊಳಗೆ ಆಜೀವ ತೆರಿಗೆ ಶೇ 14, ದಾಟಿದರೆ ಶೇ 17. ಒಂದೇ ಕಡಿತಕ್ಕೆ ಎರಡು ಕಡೆ ಉಳಿತಾಯ. ಫೋನು ಮಾಡಿ ಫ್ರಾಂಕ್ಸ್ ಟರ್ಬೊ ಬುಕ್ ಮಾಡಿದೆ.

29 ಸೆಪ್ಟೆಂಬರ್ 2025, ಸೋಮವಾರ

ಗಾಡಿ ಬಂತು. ಹಾರ, ಕೇಕು, ಫೋಟೊಗಿಂತ ಮೊದಲು ನನ್ನ ಪರೀಕ್ಷೆ ಎಂದು ಮೊದಲೇ ಹೇಳಿದ್ದೆ. ಹಣ ಪೂರ್ತಿ ಕಟ್ಟುವ ಮುಂಚೆ, ಹಗಲು ಬೆಳಕಿನಲ್ಲಿ, ನೆಲಕ್ಕೆ ಕೂತು ನೋಡಿದೆ. ಚಾಸಿ ಸಂಖ್ಯೆ ಕಾಗದದೊಂದಿಗೆ ತಾಳೆಯಾಗಬೇಕು. ಐದೂ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಬಾನೆಟ್ ಎತ್ತಿ ಬೋಲ್ಟುಗಳ ತಲೆಯ ಬಣ್ಣ ಕಿತ್ತಿದೆಯೇ ಎಂದು ಟಾರ್ಚು ಬಿಟ್ಟೆ. ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಎಲ್ಲ ಸರಿ ಇತ್ತು. ಕಾರು ಕೊಳ್ಳುವವರೆಲ್ಲ ಈ ಅರ್ಧ ಗಂಟೆ ಖರ್ಚು ಮಾಡಬೇಕು.

1 ಅಕ್ಟೋಬರ್ 2025, ಬುಧವಾರ

ಆಯುಧಪೂಜೆ. ಟ್ರ್ಯಾಕ್ಟರು, ಪಂಪು, ಕುಡುಗೋಲು, ಅಪ್ಪನ ಟಿವಿಎಸ್ ಜೊತೆ ಹೊಸ ಗಾಡಿಗೂ ವಿಭೂತಿ, ಬಾಳೆಕಂಬ. ಗ್ರಿಲ್‌ಗೆ ಅಡ್ಡವಾಗಿ ಕಟ್ಟಿದ್ದ ಹಾರವನ್ನು ಪೂಜೆ ಮುಗಿದ ಮೇಲೆ ಅಮ್ಮನನ್ನು ಕೇಳಿ ಬಿಚ್ಚಿದೆ. ಟರ್ಬೊ ಗಾಡಿಗೆ ಮುಂದಿನ ಗಾಳಿ ಬೇಕು, ಇಂಟರ್‌ಕೂಲರ್ ಮುಚ್ಚಬಾರದು.

26 ಅಕ್ಟೋಬರ್ 2025, ಭಾನುವಾರ

ಮೊದಲ 1,000 ಕಿ.ಮೀ. ಮುಗಿದು ಮೊದಲ ಸರ್ವೀಸ್ ಆಯಿತು. ಇಷ್ಟು ದಿನ ಎಂಜಿನ್ನನ್ನು ಹಿಂಡಲಿಲ್ಲ, ಒಂದೇ ವೇಗದಲ್ಲೂ ಓಡಿಸಲಿಲ್ಲ. ಏರಿಸಿ ಇಳಿಸಿ ಪಳಗಿಸಿದೆ. ಈಗ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ.

ಮೈಸೂರಿನ ಗೆಳೆಯ ರೀಮ್ಯಾಪ್ ಮಾಡಿಸು ಎಂದು ಬೆನ್ನು ಬಿದ್ದಿದ್ದಾನೆ. ಇಸಿಯುನ ತಂತ್ರಾಂಶ ಬದಲಿಸಿ, ಟರ್ಬೊದ ಒತ್ತಡ ಏರಿಸಿ, 100 ಪಿಎಸ್‌ನ್ನು ನೂರಿಪ್ಪತ್ತು ದಾಟಿಸುವುದು. ಸಂಜೆ ಅವನ ಜೊತೆ ಫೋನಿನಲ್ಲೇ ದೊಡ್ಡ ವಾದ. ಆ ವಿದ್ಯೆ ಮೇಲೆ ನನಗೆ ಗೌರವವಿದೆ, ತಿಳಿದವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ತಯಾರಕರು ಬಿಟ್ಟಿರುವ ಅಂಚು ಸೋಮಾರಿತನದ್ದಲ್ಲ. ಏಪ್ರಿಲ್ ಬಿಸಿಲು, ಒಂದೊಂದು ಬಂಕಿನಲ್ಲಿ ಒಂದೊಂದು ಥರದ ಪೆಟ್ರೋಲು, ಐದು ಜನ ಕೂತು ಹತ್ತುವ ಘಟ್ಟ, ಇವೆಲ್ಲಕ್ಕೆ ಬಿಟ್ಟ ಅಂಚು ಅದು. ಕ್ಲಚ್ಚು, ಗೇರ್‌ಬಾಕ್ಸು 147 ಎನ್‌ಎಂ ಲೆಕ್ಕಕ್ಕೆ ಮಾಡಿದವು. ವಾರಂಟಿ ಹೋಗುತ್ತದೆ, ವಿಮೆಗೆ ತಿಳಿಸದಿದ್ದರೆ ಕ್ಲೇಮಿಗೂ ಕುತ್ತು. ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರ ಬದಲಿಸಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತಪ್ಪಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಉಂಟು.

'ಹೋಗಲಿ, ಓಪನ್ ಏರ್ ಫಿಲ್ಟರಾದರೂ ಹಾಕಿಸು, ಸದ್ದು ಚೆನ್ನಾಗಿರುತ್ತೆ' ಎಂದ. ಅದಂತೂ ನಮ್ಮ ಸೀಮೆಗೆ ಆಗದ ಮಾತು. ತೆರಕಣಾಂಬಿ ಸುತ್ತಿನ ಕೆಮ್ಮಣ್ಣಿನ ಧೂಳು ಅರಿಶಿನಪುಡಿಯಷ್ಟು ನಯ. ಟರ್ಬೊದ ಗಾಳಿಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದರ ಅಲಗಿನ ತುದಿಯನ್ನು ಆ ಧೂಳು ದಿನಾ ಉಜ್ಜಿದರೆ ಸದ್ದಿನ ಚಂದ ಎಷ್ಟು ದಿನ? ಕಂಪನಿಯ ಕಾಗದದ ಫಿಲ್ಟರನ್ನೇ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸುತ್ತೇನೆ.

ನಾನು ಮಾಡಿಸಿದ್ದು ಬೇರೆ. ನಾಲ್ಕೂ ಚಕ್ರದ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ಟೈರಿನ ಗಾಳಿ ಬೆಳಿಗ್ಗೆ ತಣ್ಣಗಿರುವಾಗ, ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಷ್ಟೇ. ಬಂಕಿನವರು ರೂಢಿಯಂತೆ ಹೆಚ್ಚು ತುಂಬುತ್ತಾರೆ, ಬೇಡವೆಂದು ನಿಂತು ಹೇಳಬೇಕು. ಸೀಟನ್ನು ಒಂದು ಹಂತ ಮುಂದೆ ತಂದೆ. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ತಗ್ಗಿಸಿದೆ. ಇಷ್ಟಕ್ಕೇ ಬೇಗೂರು ಕಡೆಯ ತಿರುವುಗಳಲ್ಲಿ ಗಾಡಿ ಗೆರೆ ಹಿಡಿದು ಹೋಗುತ್ತದೆ.

16 ನವೆಂಬರ್ 2025, ಭಾನುವಾರ

ದಿಂಬಂ ಘಟ್ಟಕ್ಕೆ ಹೋಗಿ ಬಂದೆ. ಪುಣಜನೂರು ದಾಟಿದ ಮೇಲೆ ಕಾಡು, ಆಮೇಲೆ ಹಾಸನೂರು, ಆಮೇಲೆ 27 ಹೇರ್‌ಪಿನ್ ತಿರುವು ಇಳಿದರೆ ಬಣ್ಣಾರಿ. ಇಳಿಯುವಾಗ ಎರಡನೇ ಗೇರು ಬಿಡಲಿಲ್ಲ. ಚಿಕ್ಕ ಟರ್ಬೊ ಎಂಜಿನ್ನಿನ ತಡೆ ದೊಡ್ಡ ಎಂಜಿನ್ನಿನಷ್ಟು ಇರುವುದಿಲ್ಲ; ಬ್ರೇಕಿನ ಮೇಲೆ ಭಾರ ಹೆಚ್ಚು. ಹಿಂದಿನ ಡ್ರಮ್ಮಿನ ವಿಚಾರ ನೆನಪಿಗೆ ಬಂದದ್ದು ಇಲ್ಲಿಯೇ. ಬ್ರೇಕನ್ನು ಒತ್ತಿಕೊಂಡೇ ಇರದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಒತ್ತಿ ಬಿಡುತ್ತಾ ಬಂದೆ. ಕೆಳಗೆ ನಿಂತಾಗ ವಾಸನೆ ಬರಲಿಲ್ಲ.

ಹತ್ತುವಾಗಲೇ ಈ ಗಾಡಿಯ ಸುಖ. ತಿರುವಿನ ಬಾಯಲ್ಲಿ ಎರಡನೇ ಗೇರು, ಬಿಟ್ಟ ಕೂಡಲೇ ಎಳೆತ. ಮೇಲೆ ಬಂದ ಮೇಲೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಫ್ ಮಾಡಿದೆ. ಕಾದ ಟರ್ಬೊಗೆ ತಕ್ಷಣ ಎಣ್ಣೆ ನಿಂತರೆ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ.

ಹಾಸನೂರಿನ ಹತ್ತಿರ ಹೆಣ್ಣಾನೆಯೊಂದು ಮರಿಯೊಂದಿಗೆ ರಸ್ತೆ ಬದಿಗೆ ನಿಂತಿತ್ತು. ತಾಳವಾಡಿ ಕಡೆಯಿಂದ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಾಗಿ ಇಲ್ಲಿ ಆನೆಗಳು ಹೀಗೆ ಕಾಯುವುದು ಎಲ್ಲರಿಗೂ ಗೊತ್ತು. ಎಲ್ಲರೂ ದೂರದಲ್ಲಿ ನಿಂತೆವು. ಹಿಂದಿದ್ದ ಒಬ್ಬ ಎಕ್ಸಾಸ್ಟ್ ಬದಲಿಸಿದ ಕಾರಿನಲ್ಲಿ ಗುರ್ರೆನಿಸಿದ. ಮರಿ ಬೆಚ್ಚಿ ತಾಯಿಯ ಕಾಲ ಸಂದಿಗೆ ಸರಿಯಿತು. ನನಗೆ ಸಿಟ್ಟು ಬಂತು, ಇಳಿದು ಹೇಳುವ ಜಾಗವಲ್ಲ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗೇಟು ಹಾಕುವ ಆದೇಶ 2009ರಲ್ಲಿ ಬಂದದ್ದು ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ. ಹಗಲಿನಲ್ಲೂ ಆ ಎಚ್ಚರ ಬೇಕು. ಕಾಡಿನೊಳಗೆ ಎಷ್ಟೇ ಶಕ್ತಿಯ ಗಾಡಿಯಾದರೂ ಫಲಕದಲ್ಲಿ ಬರೆದ ವೇಗವೇ.

21 ಡಿಸೆಂಬರ್ 2025, ಭಾನುವಾರ

ಹುರುಳಿ ಸುಗ್ಗಿ. ತೆರಕಣಾಂಬಿ ರಸ್ತೆಯ ಉದ್ದಕ್ಕೂ ಒಕ್ಕಣೆ. ಕಿತ್ತ ಗಿಡವನ್ನು ಟಾರಿನ ಮೇಲೆ ಮೊಣಕಾಲುದ್ದ ಹರಡಿ, ಓಡಾಡುವ ಗಾಡಿಗಳ ಚಕ್ರದಲ್ಲೇ ಕಾಳು ಬಿಡಿಸುತ್ತಾರೆ. ಹುರುಳಿ ಬಳ್ಳಿ ರಾಗಿ ಹುಲ್ಲಿನ ಹಾಗೆ ಮುರಿಯುವುದಿಲ್ಲ, ಹುರಿಯಾಗುತ್ತದೆ. ನಿನ್ನೆ ಸಂಜೆ ಒಂದು ಕಡೆ ಪಕ್ಕಕ್ಕೆ ದಾರಿಯೇ ಇಲ್ಲದೆ ಅದರ ಮೇಲೆ ನಿಧಾನವಾಗಿ ಬಂದೆ. ದಾಟಿದ ಮೇಲೆ ಕೆಳಗಿನಿಂದ ಟಪಟಪ ಸದ್ದು, ಜೊತೆಗೆ ಕಾದ ಹುಲ್ಲಿನ ವಾಸನೆ. ಒಡನೆ ಬಯಲು ನೆಲ ನೋಡಿ ನಿಲ್ಲಿಸಿ ಆಫ್ ಮಾಡಿದೆ. ಸೊಪ್ಪಿನ ಮೇಲೆ ಮಾತ್ರ ನಿಲ್ಲಿಸಬಾರದು.

ಟಾರ್ಚು ಹಿಡಿದು ಮಲಗಿ ನೋಡಿದರೆ ಎಡಗಡೆಯ ಡ್ರೈವ್ ಶಾಫ್ಟಿಗೆ ಬಳ್ಳಿ ತೊಡೆ ದಪ್ಪ ಸುತ್ತಿದೆ. ಶಾಫ್ಟ್ ತುದಿಯ ರಬ್ಬರ್ ಬೂಟನ್ನು ಒತ್ತಿ ಹಿಡಿದಿದೆ. ಎಬಿಎಸ್ ತಂತಿ ಬಿಗಿದ ದಾರದಂತೆ ಸೆಟೆದಿದೆ. ಒಂದು ಎಳೆ ಎಕ್ಸಾಸ್ಟಿನ ಬೆಂಡಿಗೆ ತಾಗಿ ಕಂದಾಗಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಒಳಗಡೆ ನೂರಾರು ಡಿಗ್ರಿ ಕಾಯುವ ಭಾಗ. ಒಣ ಸೊಪ್ಪಿಗೆ ಅಷ್ಟೂ ಬೇಕಿಲ್ಲ. ಒಕ್ಕಣೆ ಸೊಪ್ಪು ಸುತ್ತಿಕೊಂಡು ಕಾರು ಹೊತ್ತಿ ಉರಿದ ಸುದ್ದಿ ನಮ್ಮ ಕಡೆ ಸುಗ್ಗಿ ಕಾಲದಲ್ಲಿ ಹೊಸದಲ್ಲ. ಒಕ್ಕಣೆ ಮಾಡುತ್ತಿದ್ದ ಅಜ್ಜ ಕುಡುಗೋಲು ಹಿಡಿದು ಓಡಿ ಬಂದ. 'ಕೈ ಹಾಕ್ಬೇಡಿ ಸಾ, ಕಾದಿರ್ತದೆ. ವಸಿ ಆರ್ಲಿ ಬುಡಿ' ಎಂದ. ಆರಿದ ಮೇಲೆ ಅವನೇ ತುದಿಯಿಂದ ಎಳೆ ಎಳೆಯಾಗಿ ಕುಯ್ದು ಕೊಟ್ಟ. ನಾನು ರಬ್ಬರಿಗೆ ತಾಗದಂತೆ ಬಿಡಿಸಿದೆ. ಮಣಭಾರದ ಸೊಪ್ಪು ಬಂತು.

ಅವನ ಮೇಲೆ ನನಗೆ ದೂರಿಲ್ಲ. 'ಕಣ ಎಲ್ಲದೆ ಸಾ? ಮಕ್ಳು ಭಾಗ ಮಾಡ್ಕಂಡ್ರು' ಎಂದ. ನರೇಗಾದಡಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳಿವೆ. ಊರಿಗೆ ಎರಡು ಸಾಮೂಹಿಕ ಕಣವಾದರೂ ಆದರೆ ಕಾಳಿಗೆ ಮಣ್ಣೂ ಬೀಳದು, ಬೈಕಿನವರೂ ಜಾರಿ ಬೀಳರು. ರಸ್ತೆ ಮೇಲೆ ಒಕ್ಕಬೇಡಿ ಎಂಬ ಪ್ರಕಟಣೆಗಿಂತ ಅದು ಮೊದಲು ಆಗಬೇಕಾದ ಕೆಲಸ.

ಇವತ್ತು ಬೆಳಿಗ್ಗೆ ಗ್ಯಾರೇಜಿನಲ್ಲಿ ಎತ್ತಿಸಿ ನೋಡಿದೆವು. ಬೂಟು ಹರಿದಿಲ್ಲ, ಬ್ರೇಕ್ ಹೋಸು ಸರಿಯಿದೆ, ತಂತಿಯ ಕ್ಲಿಪ್ಪೊಂದು ಹೋಗಿತ್ತು. ಡಿಕ್ಕಿಯಲ್ಲಿ ಈಗ ಕುಡುಗೋಲು, ದಪ್ಪ ಕೈಗವಸು, ಸಣ್ಣ ಅಗ್ನಿಶಾಮಕ.

11 ಜನವರಿ 2026, ಭಾನುವಾರ

ಹಬ್ಬಕ್ಕೆ ಮುಂಚೆ ತೊಳೆದೆ. ಚಕ್ರದ ಕಮಾನಿನೊಳಗೆ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಅಲ್ಲಿ ನೀರು ಬಿಡದೆ ಮೇಲೆ ಮೇಲೆ ಹೊಳಪು ಮಾಡಿ ಫಲವಿಲ್ಲ. ಮುಂದಿನ ಎಡ ಟೈರಿನ ಒಳ ಅಂಚು ಸ್ವಲ್ಪ ಹೆಚ್ಚು ಸವೆದಂತಿದೆ, ಅಲೈನ್‌ಮೆಂಟ್ ಮತ್ತೆ ನೋಡಿಸಬೇಕು. 5,000ದ ಸರ್ವೀಸ್ ಹತ್ತಿರವಾಗಿದೆ. ಪುಸ್ತಕದ ಪ್ರಕಾರ ಎಣ್ಣೆ ಬದಲಿಸಲು ಇನ್ನೂ ಸಮಯವಿದ್ದರೂ ಆಗಲೇ ಬದಲಿಸುತ್ತೇನೆ. ಈ ಧೂಳು, ಈ ಘಟ್ಟ, ಟರ್ಬೊ, ಮೂರೂ ಸೇರಿದಾಗ ಎಣ್ಣೆಯಲ್ಲಿ ಜಿಪುಣತನ ಬೇಡ. ದರ್ಜೆ ಮಾತ್ರ ಪುಸ್ತಕದಲ್ಲಿ ಬರೆದದ್ದೇ.

ಗೆಳೆಯ ಮತ್ತೆ ಕೇಳಿದ. ಉತ್ತರ ಅದೇ: ಗುಂಡ್ಲುಪೇಟೆ–ಚಾಮರಾಜನಗರ ರಸ್ತೆಗೆ ನೂರು ಪಿಎಸ್ ಧಾರಾಳ. ರೀಮ್ಯಾಪಿಗೆ ಹೋಗುವ ಹಣ ಇದೇ ಅಳತೆಯ, 195/60 ಆರ್16ರ, ಇನ್ನೂ ಒಳ್ಳೆಯ ಹಿಡಿತದ ಟೈರಿಗೆ ಎತ್ತಿಟ್ಟಿದ್ದೇನೆ.