ವಿ.ಸಿ. ನಾಲೆಯ ಮಕ್ಕಳು ಆಲಪ್ಪುಳದಲ್ಲಿ

ಬೋಧನಾಭ್ಯಾಸಕ್ಕೆ ನನ್ನನ್ನು ನಿಯೋಜಿಸಿದ್ದು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಗೆ. ಡಿಸೆಂಬರ್‌ನಲ್ಲಿ ಆ ಶಾಲೆಯ ಒಂಬತ್ತನೇ ತರಗತಿಯ 42 ಮಕ್ಕಳ ಶೈಕ್ಷಣಿಕ ಪ್ರವಾಸ ಕೇರಳಕ್ಕೆ ಹೊರಟಿತು. ಆಲಪ್ಪುಳದಲ್ಲಿ ಕಳೆಯುವ ಒಂದು ದಿನಕ್ಕೆ ವಿಜ್ಞಾನದ ಚಟುವಟಿಕೆ ರೂಪಿಸುವ ಹೊಣೆಯನ್ನು ಮುಖ್ಯ ಶಿಕ್ಷಕರು ನನಗೆ ವಹಿಸಿದರು. ಆ ದಿನ ಕಲಿತದ್ದನ್ನು ಸಹ ಪ್ರಶಿಕ್ಷಣಾರ್ಥಿಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಆಲಪ್ಪುಳವನ್ನು ಎಲ್ಲರೂ 'ಪೂರ್ವದ ವೆನಿಸ್' ಎಂದು ಪರಿಚಯಿಸುತ್ತಾರೆ. ವೆನಿಸ್ ನೋಡದ ಮಕ್ಕಳಿಗೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ಆದರೆ ನಮ್ಮ ಮಕ್ಕಳಿಗೆ ವಿಶ್ವೇಶ್ವರಯ್ಯ ನಾಲೆ ಗೊತ್ತು. ಪೂರ್ವಜ್ಞಾನದಿಂದ ಪಾಠ ಆರಂಭಿಸಬೇಕೆಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತೇವಲ್ಲ, ಇಲ್ಲಿ ಆ ಪೂರ್ವಜ್ಞಾನ ನಾಲೆಯೇ ಆಗಿತ್ತು. ಹಾಗಾಗಿ ಎರಡು ಕಾಲಂಗಳ ಒಂದು ಹಾಳೆ ತಯಾರಿಸಿದೆ. ಎಡಕ್ಕೆ 'ನಮ್ಮ ನಾಲೆ', ಬಲಕ್ಕೆ 'ಇಲ್ಲಿಯ ಕಾಲುವೆ'. ಪ್ರಶ್ನೆಗಳು ನಾಲ್ಕೇ: ಯಾಕೆ ತೋಡಿದರು? ನೀರು ಹರಿಯುತ್ತದೆಯೇ? ನೀರು ಮೇಲಿದೆಯೋ, ಗದ್ದೆ ಮೇಲಿದೆಯೋ? ನೀರಿನ ಮೇಲೆ ಏನೇನು ಸಾಗುತ್ತದೆ? ಎಡ ಕಾಲಂ ಅನ್ನು ಹೊರಡುವ ಮೊದಲೇ ತರಗತಿಯಲ್ಲಿ ತುಂಬಿಸಿದೆವು.

ಆಗ ಒಬ್ಬ ಹುಡುಗ ಕೊನೆಯ ಪ್ರಶ್ನೆಗೆ, "ಏನೂ ಸಾಗಲ್ಲ ಮಿಸ್, ಬಿದ್ರೆ ಅಷ್ಟೆ" ಎಂದ. ಯಾರೂ ನಗಲಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಈ ಸೀಮೆಯ ಮನೆಗಳಲ್ಲಿ ನಾಲೆ ಎಂದರೆ ಅನ್ನ, ಜೊತೆಗೆ ಭಯ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ, "ನೀರಿನೂರ್ಗೆ ಯಾಕ್ ಕರ್ಕಂಡೋಯ್ತೀರಾ ಮೇಡಂ?" ಎಂದು ನೇರವಾಗಿ ಕೇಳಿದರು. ಪ್ರತಿ ಮಗುವಿಗೂ ಜೀವರಕ್ಷಕ ಜಾಕೆಟ್, ಇಬ್ಬಿಬ್ಬರ ಜೋಡಿ, ದೋಣಿ ಹತ್ತುವಾಗ ಮತ್ತು ಇಳಿಯುವಾಗ ಎಣಿಕೆ: ಇಷ್ಟನ್ನೂ ಹಿರಿಯ ಶಿಕ್ಷಕರು ವಿವರಿಸಿದ ಮೇಲೆಯೇ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು.

ಆಲಪ್ಪುಳದಲ್ಲಿ ಮೊದಲು ಕಡಲತೀರಕ್ಕೆ ಹೋದೆವು. 1862ರಲ್ಲಿ ಕಟ್ಟಿದ ಕಡಲಸೇತುವೆಯ ಕಬ್ಬಿಣದ ಕಂಬಗಳು ಇನ್ನೂ ನೀರಿನಲ್ಲಿ ನಿಂತಿವೆ. 18ನೇ ಶತಮಾನದ ಕೊನೆಯಲ್ಲಿ ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು ಈ ಊರನ್ನು ಬಂದರಾಗಿ ಬೆಳೆಸಿದರು. ಒಳನಾಡಿನ ಸರಕು ವೆಂಬನಾಡು ಹಿನ್ನೀರಿನಿಂದ ಕಡಲಿನ ಕಡೆಗೆ ಬರಲೆಂದು ಕಾಲುವೆಗಳನ್ನು ತೋಡಿಸಿದರು. ಮೆಣಸು, ಕೊಬ್ಬರಿ, ತೆಂಗಿನ ನಾರು ಎಲ್ಲವೂ ದೋಣಿಯಲ್ಲೇ ಬಂದವು. ಮಲಯಾಳದಲ್ಲಿ ಇಂಥ ಕಾಲುವೆಗೆ 'ತೋಡ್' ಎನ್ನುತ್ತಾರೆಂದು ತಿಳಿದಾಗ, "ನಾವೂ ತೋಡೋದು ಅಂತೀವಲ್ಲ ಮಿಸ್" ಎಂದು ಮಕ್ಕಳೇ ಹಿಡಿದುಕೊಂಡರು. ಮೊದಲ ಪ್ರಶ್ನೆಯ ಉತ್ತರ ಅಲ್ಲೇ ಸಿಕ್ಕಿತು: ನಮ್ಮ ನಾಲೆ ಬೆಳೆಗೆ, ಇವರದು ಸಾಗಣೆಗೆ.

ದೋಣಿ ಹೊರಟಾಗ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೆಲವರು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು. ಮೌನ ಮುರಿದದ್ದು ಎರಡನೆಯ ಪ್ರಶ್ನೆ. ನೀರಿನ ಮೇಲಿನ ಕಳೆಯ ಗುಂಪೊಂದನ್ನು ತೋರಿಸಿ ಒಬ್ಬ, "ನಮ್ ನಾಲೇಲಾಗಿದ್ರೆ ಇಷ್ಟೊತ್ಗೆ ಮುಂದಿನೂರ್ಗೆ ಹೋಗಿರೋದು" ಎಂದ. ನೀರು ನಿಂತಂತಿದೆ, ಅಂದರೆ ಇಳಿಜಾರಿಲ್ಲ. ಅಷ್ಟರಲ್ಲಿ ಎದುರಿನಿಂದ ಒಬ್ಬರು ಬಿದಿರು ಗಳದಿಂದ ನೂಕುತ್ತ 12 ಗ್ಯಾಸ್ ಸಿಲಿಂಡರ್‌ಗಳಿದ್ದ ದೋಣಿಯನ್ನು ತಂದರು. ತುಂಬಿದ ಸಿಲಿಂಡರ್ ಒಂದಕ್ಕೆ ಸುಮಾರು 30 ಕಿಲೋ, ಒಟ್ಟು 360 ಕಿಲೋ. ಇಷ್ಟು ಭಾರವನ್ನು ಒಬ್ಬರೇ ಹೇಗೆ ಸಾಗಿಸುತ್ತಾರೆ? ಆರ್ಕಿಮಿಡೀಸ್ ತತ್ವದ ಚರ್ಚೆಗೆ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ನನಗೆ ಬೇಕಿರಲಿಲ್ಲ. 360 ಕಿಲೋ ಹೇರಿದರೆ ದೋಣಿ ಇನ್ನೂ 360 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುವಷ್ಟು ಇಳಿಯುತ್ತದೆ. ಭಾರವನ್ನು ನೀರು ಹೊರುತ್ತದೆ, ಮನುಷ್ಯ ನೂಕಿದರೆ ಸಾಕು.

ಕುಟ್ಟನಾಡಿನ ಗದ್ದೆಗಳ ಬಳಿ ಎಲ್ಲರೂ ಎದ್ದು ನಿಲ್ಲಲು ಹೊರಟರು. ಕೂರಿಸುವುದೇ ಕಷ್ಟವಾಯಿತು. ದೋಣಿ ಮೇಲೆ, ಭತ್ತದ ಗದ್ದೆ ಕೆಳಗೆ! ನಡುವೆ ಮಣ್ಣಿನ ಏರಿ ಮಾತ್ರ. ಇಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಬೇಸಾಯ ನಡೆಯುತ್ತದೆ. ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿದೆ. ಏರಿಯ ಮೇಲೆ 'ಪೆಟ್ಟಿ-ಪರ' ಎಂಬ ಮರದ ಪಂಪು ಗದ್ದೆಯ ನೀರನ್ನು ಕಾಲುವೆಗೆ ಎತ್ತಿ ಸುರಿಯುತ್ತಿತ್ತು.

ತರಗತಿಯಲ್ಲಿ ಅಪರೂಪಕ್ಕೆ ಬಾಯಿ ತೆರೆಯುವ ಒಬ್ಬ ಹುಡುಗಿ ಅದನ್ನೇ ನೋಡುತ್ತಿದ್ದಳು. ಅವಳ ಊರು ನಾಲೆಯ ಕೊನೆಭಾಗದಲ್ಲಿದೆ. ಕಟ್ಟು ನೀರಿನ ಸರದಿ ಬಂದರೂ ಅವರ ಗದ್ದೆಗೆ ನೀರು ತಲುಪುವುದು ಅನುಮಾನ. "ಗದ್ದೆ ನೀರ ಆಚೆಗ್ ಹಾಕ್ತಾವ್ರಲ್ಲ ಮಿಸ್. ನಮ್ಮೂರ್ಗೆ ಕಳ್ಸಕ್ಕಾಗಕಿಲ್ವಾ?"

ನಾನು ಉತ್ತರಿಸದೆ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ನೀರು ತಾನಾಗಿ ಮೇಲೇರದು ಎಂದು ಅವರೇ ಲೆಕ್ಕ ಹಾಕಿದರು. ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ನುಗ್ಗದಂತೆ ತಣ್ಣೀರ್‌ಮುಕ್ಕಂ ಬಂಡಿನ ಬಾಗಿಲು ಮುಚ್ಚುತ್ತಾರೆಂದು ದೋಣಿಯವರು ಹೇಳಿದಾಗ, ನೀರು ಹೆಚ್ಚಿದ್ದರೂ ಕಷ್ಟವಿದೆ ಎಂಬುದು ಅವಳಿಗೂ ಹೊಳೆಯಿತು.

ಊರಿಗೆ ಮರಳಿದ ಮೇಲೆ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಶಾಲೆಯ ಅಂಗಳದ ಇಳಿಜಾರು ಅಳೆದೆವು. ಅದನ್ನು ಮುನ್ನಡೆಸಿದವಳು ಅದೇ ಹುಡುಗಿ. ಅಳತೆ ಮುಗಿದಾಗ ಅವಳ ಎರಡನೆಯ ಪ್ರಶ್ನೆ ಬಂತು: "ನಮ್ಮೂರು ತಗ್ಗಲ್ಲೇ ಅದೆ. ಇಳಿಜಾರೂ ಸರಿಯಾಗದೆ. ಮತ್ ನೀರ್ ಯಾಕ್ ಬರಕಿಲ್ಲ?"

ಇದಕ್ಕೆ ಗುರುತ್ವದ ಪಾಠದಲ್ಲಿ ಪೂರ್ತಿ ಉತ್ತರವಿಲ್ಲ. ಹೂಳು, ಒಡೆದ ತೂಬು, ತಲೆಭಾಗದವರು ಹೆಚ್ಚಿಗೆ ಹಿಡಿದುಕೊಳ್ಳುವ ನೀರು ಎಂದು ಮಕ್ಕಳು ಒಂದೊಂದೇ ಕಾರಣ ಹೇಳತೊಡಗಿದರು. ತಲೆಭಾಗದ ಊರಿನವರೂ ಅದೇ ಬೆಂಚುಗಳಲ್ಲಿದ್ದರು. ವಾದ ಏರಿತು. ಸಮಾಜ ವಿಜ್ಞಾನದ ಶಿಕ್ಷಕರು ತಮ್ಮ ಅವಧಿಯನ್ನೂ ಬಿಟ್ಟುಕೊಟ್ಟರು.

ಪ್ರವಾಸಕ್ಕೆ ಹೊರಡುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ನೋಡಬೇಕಾದ ಸ್ಥಳಗಳ ಪಟ್ಟಿಗಿಂತ ಮೊದಲು ಮಕ್ಕಳ ಊರಿನ ಒಂದು ಪದವನ್ನು ಆರಿಸಿಕೊಳ್ಳಿ. ಅವರು ಅದರಿಂದಲೇ ಹೊಸ ಊರನ್ನು ಅಳೆಯುತ್ತಾರೆ. ಆಮೇಲೆ ಅದೇ ಅಳತೆಗೋಲನ್ನು ತಮ್ಮ ಊರಿಗೂ ಹಿಡಿಯುತ್ತಾರೆ. ಆ ಹೊತ್ತಿಗೆ ಟೈಮ್ ಟೇಬಲ್‌ನಲ್ಲಿ ಒಂದು ಅವಧಿ ಖಾಲಿ ಇಟ್ಟುಕೊಂಡಿರಿ.